ಓರಗಿತ್ತಿಯ ಕೈಗುಣ

ತಿಪ್ಪಸಂದ್ರದ ಶಿವಲಿಂಗಮ್ಮನಿಗೆ ತನ್ನ ಓರಗಿತ್ತಿ ಭಾನುಪ್ರಿಯಳನ್ನು ಕಂಡರೆ ಹೊಟ್ಟೆಯಲ್ಲಿ ಕೆಂಡ. ಮುಚ್ಚಿಟ್ಟು ಹೇಳುವುದೇಕೆ, ಊರಿಗೇ ಗೊತ್ತಿತ್ತು. ಗೊತ್ತಿಲ್ಲದವಳು ಭಾನು ಒಬ್ಬಳೇ. ಮೈದುನನ ಕೈಹಿಡಿದು ಬಂದ ಈ ಹುಡುಗಿ ಸಗಣಿ ಕಂಡರೆ ಮೂಗು ಮುಚ್ಚಿಕೊಳ್ಳುತ್ತಾಳೆ ಎಂದುಕೊಂಡಿದ್ದರೆ, ಬಂದ ವರ್ಷವೇ ಹಾಲು ಕರೆಯಲು ಕೂತಳು. ಅವಳು ಕೂತರೆ ಸಾಕು, ಅವಳ ಚುಕ್ಕಿ ಹಸು ತಾನಾಗಿ ಹಾಲಿಳಿಸುತ್ತಿತ್ತು.

“ಈಯಮ್ಮನ ಕೈಗುಣ ನೋಡ್ರಪ್ಪಾ!” ಎಂದು ಡೇರಿಯ ಬೋರಲಿಂಗಯ್ಯ ಕ್ಯಾನು ಹಿಡಿದು ನಿಂತವರಿಗೆಲ್ಲ ಸಾರುತ್ತಿದ್ದ. ಅದೇ ಡೇರಿಗೆ ಮದುವೆಯಾಗಿ ಬಂದಾಗಿನಿಂದ ಹಾಲು ಹಾಕಿದ ಶಿವಲಿಂಗಮ್ಮನ ಕೈಗೇನು ಗುಣವಿರಲಿಲ್ಲವೇ? ಆ ಒಂದು ಮಾತು ಅವಳಿಗೆ ಅನ್ನ ಇಳಿಯಲು ಬಿಡುತ್ತಿರಲಿಲ್ಲ.

ಅಷ್ಟರಲ್ಲಿ ಶಿವಲಿಂಗಮ್ಮನ ಹಸು ಕೆಂಪಿಗೆ ಕೆಚ್ಚಲು ಬಾವು ಬಂತು. ಒಂದು ತೊಟ್ಟಿನಿಂದ ಹಾಲಿನ ಬದಲು ಮೊಸರಿನ ಗರಣೆಯಂಥದ್ದು ಬೀಳುತ್ತಿತ್ತು. ಔಷಧಿ ಹಾಕಿದರೆ ವಾಸಿ, ನಿಲ್ಲಿಸಿದರೆ ಮತ್ತೆ ಬಾವು. ಕೊನೆಗೆ ದನದ ಡಾಕ್ಟರು ಶ್ವೇತ ಬಿಡಿಸಿ ಹೇಳಿದರು.

“ಕ್ರಿಮಿಗಳು ಒಳಗೆ ಲೋಳೆ ಕಟ್ಕೊಂಡು ಅದರಡಿ ಗುಂಪಾಗಿ ಕೂತಿವೆ ಕಣಮ್ಮ. ಔಷಧಿ ಆ ಲೋಳೆ ದಾಟೋದು ಕಷ್ಟ. ಮೇಲಿನವು ಸಾಯ್ತವೆ, ಅಡಿಯಲ್ಲಿರೋವು ಮತ್ತೆ ಏಳ್ತವೆ. ಕರೆಯೋರ ಕೈಯಿಂದ ಇನ್ನೊಂದು ಹಸುಗೂ ಅಂಟುತ್ತೆ. ಇದನ್ನ ಕೊನೇಲಿ ಕರೀರಿ, ಆಮೇಲೆ ಸೋಪಲ್ಲಿ ಕೈ ತೊಳೀರಿ.”

ಶಿವಲಿಂಗಮ್ಮ ತಲೆಯಾಡಿಸಿದಳು. ಆದರೆ ಕೆಂಪಿ ನೋವಿಗೆ ಅವಳನ್ನು ಹತ್ತಿರ ಸೇರಿಸದೆ ಒದೆಯತೊಡಗಿತು. ಗಂಡ ನಾಗರಾಜು ಹೋಗಿ ಭಾನುವನ್ನೇ ಕರೆತಂದ. “ಇವಳ ಕೈಗುಣಕ್ಕಾದ್ರೂ ಬಗ್ಗತೈತೇನೋ ನೋಡಾನ,” ಎಂದ. ಬಗ್ಗಿತು. ಹಾಳು ಹಸು, ಒಂದು ಸಲವೂ ಕಾಲೆತ್ತದೆ ನಿಂತಿತು! ಕರುವಿನಿಂದ ತಾನು ಸಾಕಿದ ಕೆಂಪಿ ಕತ್ತು ತಿರುಗಿಸಿ ಭಾನುವಿನ ಭುಜ ನೆಕ್ಕಿದ್ದು ನೋಡಿ ಶಿವಲಿಂಗಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

ಕರೆದಾದ ಮೇಲೆ ಭಾನು ಕೈಯನ್ನು ಸೆರಗಿಗೆ ಒರೆಸಿಕೊಂಡು ನೇರವಾಗಿ ತನ್ನ ಚುಕ್ಕಿಯನ್ನು ಕರೆಯಲು ಹೋದಳು. ಸೋಪು ಶಿವಲಿಂಗಮ್ಮನ ಕೈಯಲ್ಲೇ ಇತ್ತು. ತಡಿ ಕಣೇ ಎಂಬ ಮಾತು ಬಾಯಿಯವರೆಗೆ ಬಂದಿತ್ತು. ಕೈಗುಣವಂತೆ, ಕೈಗುಣ! ನೋಡೇಬಿಡೋಣ ಎಂದು ಅದನ್ನು ನುಂಗಿದಳು. ಮರುದಿನವೂ ನುಂಗಿದಳು.

ವಾರ ಕಳೆಯುವುದರೊಳಗೆ ಚುಕ್ಕಿಯ ಕೆಚ್ಚಲು ಕಲ್ಲಿನಂತಾಯಿತು. ಡೇರಿಯಿಂದ ಭಾನುವಿನ ಹಾಲು ವಾಪಸ್ಸು ಬಂತು. ಶಿವಲಿಂಗಮ್ಮನಿಗೆ ಅಂದು ಹೊಟ್ಟೆ ತಣ್ಣಗಾಯಿತು, ಸುಳ್ಳು ಹೇಳುವುದೇಕೆ. ಎರಡು ತುತ್ತು ಹೆಚ್ಚೇ ಉಂಡಳು.

ಸಂಜೆ ಭಾನು ಕಣ್ಣೊರೆಸಿಕೊಳ್ಳುತ್ತ ಬಂದಳು. ಅಂಗೈಯಲ್ಲಿ ಉಪ್ಪು, ಒಣಮೆಣಸಿನಕಾಯಿ.

“ಅಕ್ಕಾ, ಯಾರ್ದೋ ಕಣ್ಣು ಬಿದ್ಬುಟ್ಟೈತೆ. ಮನೇಲಿ ದೊಡ್ಡೋಳು ನೀನು, ಒಸಿ ದೃಷ್ಟಿ ತೆಗಿ ಬಾ.”

ಒಲ್ಲೆ ಎನ್ನುವಂತಿರಲಿಲ್ಲ. ಶಿವಲಿಂಗಮ್ಮ ಚುಕ್ಕಿಯ ಮುಂದೆ ನಿಂತು ಮುಷ್ಟಿಯಿಂದ ನಿವಾಳಿಸುತ್ತ ಹೇಳತೊಡಗಿದಳು. “ಊರ ಕಣ್ಣು, ಕೇರಿ ಕಣ್ಣು, ಹೋದೋರ ಕಣ್ಣು, ಬಂದೋರ ಕಣ್ಣು, ನಾಯಿ ಕಣ್ಣು, ನರಿ ಕಣ್ಣು...” ಅಲ್ಲಿಗೆ ನಾಲಿಗೆ ನಿಂತಿತು. ಮೊದಲಿನಿಂದ ಮತ್ತೆ ಶುರುಮಾಡಿದಳು. ಮತ್ತೆ ಅಲ್ಲೇ ನಿಂತಳು.

“ಓರಗಿತ್ತಿ ಕಣ್ಣು,” ಎಂದು ಭಾನು ನೆನಪಿಸಿದಳು. “ಮರ್ತ್ಬುಟ್ಟಾ ಅಕ್ಕ? ಅತ್ತೆ ಹಂಗೇ ಅಂತಿದ್ರಲ್ಲ. ನಮ್ಮಲ್ಲೆಲ್ಲೈತೆ ಅಂಥದ್ದು! ಆದ್ರೂ ಬುಡಬಾರ್ದು, ಹೇಳು.”

ಮೆಣಸಿನಕಾಯಿ ನೆಲಕ್ಕೆ ಬಿದ್ದವು.

“ಕಣ್ಣಲ್ಲ ಕಣೇ, ಕೈ,” ಎಂದಳು ಶಿವಲಿಂಗಮ್ಮ. “ಕೆಂಪಿ ಕರೆದ ಕೈ ತೊಳೀದೆ ಹೋದ್ರೆ ಅಂಟ್ಕತೈತೆ ಅಂತ ಡಾಕ್ಟ್ರು ನಂಗೆ ಹೇಳಿದ್ರು. ಸೋಪು ಕೈಲಿ ಇಟ್ಕಂಡೇ ಸುಮ್ಕಿದ್ದೆ. ಎಲ್ರೂ ನಿನ್ ಕೈಗುಣ ಹೊಗಳೋದು ನಂಗೆ ತಡೆಯಕ್ಕಾಯ್ತಿರ್ನಿಲ್ಲ.”

“ನೋಡ್ತಾ ನಿಂತಿದ್ದಾ?”

“ನೋಡ್ತಾ ನಿಂತಿದ್ದೆ.”

ಭಾನು ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಶಿವಲಿಂಗಮ್ಮ ಹೇಗೋ ತಡೆದುಕೊಳ್ಳುತ್ತಿದ್ದಳು. ಮನೆಗೆ ಕಾಲಿಟ್ಟ ದಿನದಿಂದ ಅಕ್ಕಾ ಎಂದಲ್ಲದೆ ಬೇರೆ ಕರೆದು ಗೊತ್ತಿಲ್ಲದವಳು ಚುಕ್ಕಿಯ ಹಗ್ಗ ಬಿಚ್ಚುತ್ತ ಹೇಳಿದಳು:

“ಡಾಕ್ಟ್ರ ನಂಬರ್ ಇದ್ರೆ ಕೊಡಿ, ಶಿವಲಿಂಗಮ್ಮೋರೇ.”