ಸಗಣಿ ಹುಳದ ಪೇಪರು, ಇಡ್ಲಿ ಹಿಟ್ಟಿನ ಡಬ್ಬಿ

ವಿಮಾನ ನಗರದ ಆ ಅಪಾರ್ಟ್‌ಮೆಂಟಿನಲ್ಲಿ ಎಷ್ಟೇ ಅವಸರವಿದ್ದರೂ ಯಾರೂ ಇಂದೂ ಕಟ್ಟಿಯವರ ಕಾರು ಹತ್ತುವುದಿಲ್ಲ. ಮೇಡಮ್ಮು ಒಳ್ಳೆಯವರು, ಕಾರೂ ಒಳ್ಳೆಯದೇ. ಆದರೆ ಡಿಕ್ಕಿಯಲ್ಲಿ ಸಗಣಿ ಇರುತ್ತದೆ. ಧಾರವಾಡದಿಂದ ಮದುವೆಯಾಗಿ ಪುಣೆಗೆ ಬಂದು, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತ ತಲೆ ನೆರೆಸಿಕೊಂಡಿರುವ ಇಂದೂ ಸಗಣಿ ಹುಳಗಳ ಸಂಶೋಧಕಿ. ಸಗಣಿಯನ್ನು ಉಂಡೆ ಕಟ್ಟಿ, ಹಿಂಗಾಲಿನಿಂದ ಉರುಳಿಸಿಕೊಂಡು ಹೋಗಿ ಮಣ್ಣಲ್ಲಿ ಹೂಳುವ ಈ ಹುಳಗಳು ಇಲ್ಲದಿದ್ದರೆ ನಾವೆಲ್ಲ ಮೊಣಕಾಲುದ್ದ ಸಗಣಿಯಲ್ಲಿ ನಿಂತಿರುತ್ತಿದ್ದೆವು ಎಂಬ ಮಾತನ್ನು ಅವರು ಮದುವೆಯೂಟದ ಪಂಕ್ತಿಯಲ್ಲೂ ಬಿಡುವುದಿಲ್ಲ. ಬ್ಯಾಂಕಿನಿಂದ ನಿವೃತ್ತರಾದ ಅವರ ಗಂಡ ರಾಘಣ್ಣ ಆಗ "ಇಲ್ಲಿ ಒಂದಿಷ್ಟು ಪಾಯಸಾ ಹಾಕ್ರಿ" ಎಂದು ಮಾತು ತಿರುಗಿಸುತ್ತಾರೆ.

ಹುಳಗಳ ಶಾಸ್ತ್ರದಲ್ಲೂ ಸೀರೆ ಅಂಗಡಿಯಂತೆ ಫ್ಯಾಶನ್ ಬದಲಾಗುತ್ತದೆ. ಇಂದೂ ಕಲಿಯುವಾಗ ಬೆಳೆ ತಿನ್ನುವ ಹುಳಗಳ ಕಾಲ. ಆಮೇಲೆ ಚಿಟ್ಟೆಗಳು ಬಂದವು. ಈಗ ಜೇನು. ಶೀರ್ಷಿಕೆಯಲ್ಲಿ ಜೇನು, ಹವಾಮಾನ ಎರಡೂ ಇದ್ದರೆ ಸಂಪಾದಕರು ಎದ್ದು ಬಂದು ಬಾಗಿಲು ತೆಗೆಯುತ್ತಾರೆ. ಹಿಂದೆ ಒಬ್ಬರೇ ಬರೆಯುತ್ತಿದ್ದ ಪ್ರಬಂಧದ ತಲೆಯ ಮೇಲೆ ಈಗ ಲಗ್ನಪತ್ರಿಕೆಯಷ್ಟು ಹೆಸರುಗಳು. ಏನೆಲ್ಲ ಬದಲಾದರೂ ಒಂದು ಮಾತ್ರ ಹಾಗೇ ಇದೆ: "ಹುಡುಕಿದೆ, ಸಿಗಲಿಲ್ಲ" ಎಂಬ ಪ್ರಬಂಧವನ್ನು ಯಾರೂ ಅಚ್ಚು ಹಾಕಲಾರರು. ಸಿಕ್ಕವರದ್ದೇ ಸುದ್ದಿ. ಸಿಗದವರು ಮನೆಗೆ ಹೋಗಿ ಕಾಲು ತೊಳೆದುಕೊಳ್ಳಬೇಕು, ಅಷ್ಟೇ.

ಇದು ಗೊತ್ತಿದ್ದೂ ಇಂದೂ ತಮ್ಮ ಶಿಷ್ಯೆ ಪೂರ್ವಾಳಿಗೆ ಅಂಥದ್ದೇ ವಿಷಯ ಕೊಟ್ಟುಬಿಟ್ಟಿದ್ದರು. ದೇಹೂ ರೋಡಿನ ಆಚೆ, ಮಿಲಿಟರಿ ಬೇಲಿ ಮುಗಿದ ಮೇಲೆ ಸಿಗುವ ಗುಡ್ಡದಲ್ಲಿ ತಾಮ್ರದ ಬಣ್ಣದ ಸಣ್ಣ ಸಗಣಿ ಹುಳ ಇತ್ತೆಂದು ಹಳೆಯ ಪ್ರಬಂಧಗಳು ಹೇಳುತ್ತವೆ. ಈಗ ಇದೆಯೋ ಇಲ್ಲವೋ? ಬೆಳಗಾವಿ ಕಡೆಯ ಮನೆತನದ ಪೂರ್ವಾ ಮೂರು ಮಳೆಗಾಲ ಕೆಸರು ತುಳಿದು ಹುಡುಕಿದಳು. ಇಲ್ಲ. ಒಂದು ಪ್ರಬಂಧವಾದರೂ ಪ್ರಕಟವಾಗದೆ ಅವಳ ವಿಶ್ವವಿದ್ಯಾಲಯ ಪಿಎಚ್‌ಡಿ ಥೀಸಿಸ್ ಮುಟ್ಟುವುದಿಲ್ಲ. ಒಂದು ಪತ್ರಿಕೆ "ಹೊಸತೇನಿಲ್ಲ" ಎಂದು ಹಿಂದಿರುಗಿಸಿತು, ಇನ್ನೊಂದು "ಇದು ಸ್ಥಳೀಯರಿಗಷ್ಟೇ ಆಸಕ್ತಿಯ ವಿಷಯ" ಎಂದಿತು. ಜೇನು ಹಿಡಿದ ಗೆಳತಿಯರೆಲ್ಲ ಆಗಲೇ ಡಾಕ್ಟರುಗಳಾಗಿದ್ದರು. ಪೂರ್ವಾ ಮಾತ್ರ ದೂರದೆ, ಹಿಂದಿರುಗಿದ ಪ್ರಬಂಧವನ್ನು ತಿದ್ದಿ ಮುಂದಿನ ಪತ್ರಿಕೆಗೆ ಕಳಿಸುತ್ತಿದ್ದಳು. ಅದೇ ಇಂದೂ ಅವರಿಗೆ ಹೆಚ್ಚು ಚುಚ್ಚುತ್ತಿತ್ತು.

ಕೊನೆಗೆ ಒಂದು ಸಣ್ಣ ಪತ್ರಿಕೆ ಒಪ್ಪಿತು. ಪರಿಶೀಲಕರದ್ದು ಒಂದೇ ಷರತ್ತು: ಮೊದಲ ಮಳೆಯಲ್ಲಿ ಇನ್ನೊಂದು ಸಲ ಅದೇ ವಿಧಾನದಲ್ಲಿ ಹುಡುಕಿ, ಆಗಲೂ ಸಿಗದಿದ್ದರೆ ಅಚ್ಚಿಗೆ ಕಳಿಸುತ್ತೇವೆ.

ಅದೇ ವಿಧಾನ ಎಂದರೆ ಅದೇ ಡೈರಿಯ ಸಗಣಿ. ಈ ವಿಷಯದಲ್ಲಿ ಇಂದೂ ಮಡಿ ಹೆಂಗಸಿಗಿಂತ ಕಟ್ಟುನಿಟ್ಟು. ನೆಲದಲ್ಲಿ ಹೂತ ಲೋಟಗಳ ಮೇಲೆ ಸಗಣಿ ತೂಗುಹಾಕಿ ಹುಳಗಳನ್ನು ಕರೆಯುವುದು ಅವರ ಪದ್ಧತಿ. ಸಗಣಿ ಬದಲಾದರೆ ಈ ವರ್ಷವನ್ನು ಹೋದ ವರ್ಷದ ಜೊತೆ ಹೋಲಿಸುವುದು ಹೇಗೆ? ಆದ್ದರಿಂದ ವರ್ಷಗಟ್ಟಲೆ ಒಂದೇ ಡೈರಿ, ಒಂದೇ ಡಬ್ಬಿ. ಮುಚ್ಚಳ ಬಿಗಿಯಾಗಿದ್ದ ಆ ನೀಲಿ ಡಬ್ಬಿ ಯೆರವಡಾ ಜೈಲಿನ ಹತ್ತಿರ ಹೋಟೆಲು ನಡೆಸುವ ಮಂಗಳೂರು ಕಡೆಯ ಮೋಹನದಾಸರು ಕೊಟ್ಟದ್ದು. ಗುಡ್ಡಕ್ಕೆ ಹೋಗುವ ದಿನ ಮಧ್ಯಾಹ್ನದ ನಾಷ್ಟಾ ಅಲ್ಲೇ.

ಮೊದಲ ಮಳೆ ಬಿದ್ದ ಮರುದಿನ ಹೊರಟಾಗಲೂ ಸೆಕೆ ಹೆಚ್ಚಿತ್ತು. ಕಾರಿನಲ್ಲಿ ಸಗಣಿ ಹುಳಿಯುತ್ತದೆಂದು ಪೂರ್ವಾ ಡಬ್ಬಿಯನ್ನು ಹೋಟೆಲಿನ ಹಿತ್ತಿಲ ನೆರಳಿನಲ್ಲಿಟ್ಟಳು. ತಿಂಡಿ ಮುಗಿಸಿ, ಎತ್ತಿಕೊಂಡು ಹೊರಟರು. ಗುಡ್ಡದ ಮೇಲೆ ಪೂರ್ವಾ ಮುಚ್ಚಳ ತೆಗೆದು ಕೂಗಿದಳು.

"ಮೇಡಮ್, ಇದು ಇಡ್ಲಿ ಹಿಟ್ರಿ!"

ಇಂದೂ ಬಗ್ಗಿ ನೋಡುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಮೋಹನದಾಸರು.

"ಎಂತ ಮೇಡಂ ಇದು ಮಾರಾಯ್ರೆ! ನನ್ನ ಹೆಂಡ್ತಿ ಹರಿಣಾಕ್ಷಿ ಇಡ್ಲಿ ಹೊಯ್ಲಿಕ್ಕೆ ಅಂತ ಡಬ್ಬಿ ತೆಗೆದ್ರೆ ಒಳಗೆ ಸಗಣಿ!"

"ಅಯ್ಯ! ಇಡ್ಲಿ ತಟ್ಟಿಯೊಳಗ ಹಾಕಿಲ್ಲಲ್ರಿ?"

"ಪುಣ್ಯಕ್ಕೆ ಹಾಕ್ಲಿಲ್ಲ. ಅವಳು ಬೊಬ್ಬೆ ಹೊಡೆದದ್ದು ಜೈಲಿನ ಒಳಗೆ ಕೇಳಿರ್ಬೇಕು. ಗಿರಾಕಿಗಳು ಅರ್ಧ ಎದ್ದು ಹೋದ್ರು."

ಹಿತ್ತಿಲಲ್ಲಿ ಸಾಲಾಗಿ ನಿಂತ ಹಿಟ್ಟಿನ ಡಬ್ಬಿಗಳೂ ನೀಲಿಯೇ. ಪೂರ್ವಾ ಅಳುವುದೋ ನಗುವುದೋ ತಿಳಿಯದೆ ಮುಖ ಮುಚ್ಚಿಕೊಂಡಳು. ಯೆರವಡಾಕ್ಕೆ ಮರಳಿ ಹೋಗಿ ಬರುವಷ್ಟರಲ್ಲಿ ಕತ್ತಲಾಗುತ್ತಿತ್ತು, ಮೋಡವೂ ಇಳಿಯುತ್ತಿತ್ತು. ಇಳಿಜಾರಿನಲ್ಲಿ ಊರ ದನಗಳು ಮೇಯುತ್ತಿದ್ದವು. ಇಂದೂ ಸೆರಗು ಸಿಕ್ಕಿಸಿಕೊಂಡು, ಜೀವಮಾನದಲ್ಲೇ ಮೊದಲ ಸಲ ತಮ್ಮ ನಿಯಮ ತಾವೇ ಮುರಿದು, ಬಿಸಿ ಸಗಣಿಗೆ ಕೈ ಹಾಕಿದರು. ಒಂದು ದಿನ ಹಾಳಾಗುವುದಕ್ಕಿಂತ ಇದು ವಾಸಿ ಎಂಬ ಸಿಟ್ಟು ಅವರಿಗೆ.

ಮರುದಿನ ಬೆಳಿಗ್ಗೆ ಮೊದಲ ಲೋಟದಲ್ಲೇ ಅದು ಕುಳಿತಿತ್ತು. ಈಗಷ್ಟೇ ಹುಣಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರದ ತಂಬಿಗೆಯ ಬಣ್ಣ.

"ಮೇಡಮ್, ಅದ! ಅದರೀ ಇದು! ಅವ್ವನಾಣಿ, ಆಯಿಶಪ್ಪಥ್!" ಪೂರ್ವಾ ಕನ್ನಡ ಮರಾಠಿ ಎರಡರಲ್ಲೂ ಕೂಗುತ್ತ ಕೆಸರಿನಲ್ಲಿ ಕುಣಿದಳು. ಕುಣಿಯುತ್ತಲೇ ಅವಳಿಗೆ ನೆನಪಾಯಿತು. "ಹುಳಾ ಇಲ್ಲಾ" ಎಂಬ ಪ್ರಬಂಧ ಅಲ್ಲಿ ಅಚ್ಚಿಗೆ ಕಾಯುತ್ತಿತ್ತು.

ಇಂದೂ ಅವರಿಗೆ ಆಗಲೇ ಎರಡು ವಿಷಯ ಹೊಳೆದಿದ್ದವು. ಡೈರಿಯ ಎಮ್ಮೆಗಳಿಗೆ ಹೊಟ್ಟೆಹುಳದ ಔಷಧಿ ಕುಡಿಸುತ್ತಾರೆ. ಔಷಧಿ ಸಗಣಿಯಲ್ಲಿ ಉಳಿಯುತ್ತದೆ, ಅದಕ್ಕೇ ಈ ಹುಳ ಹತ್ತಿರ ಸುಳಿದಿರಲಿಕ್ಕಿಲ್ಲ. ಹೋಲಿಕೆ ಕೆಡಬಾರದೆಂದು ತಾವು ಹಟ ಹಿಡಿದ ಸಗಣಿಯೇ ಹುಳವನ್ನು ದೂರವಿಟ್ಟಿರಬೇಕು! ಎರಡನೆಯದು ಅಷ್ಟು ಒಳ್ಳೆಯ ಯೋಚನೆಯಲ್ಲ. ಬೇರೆ ಸಗಣಿ ಎಂದರೆ ಬೇರೆ ವಿಧಾನ. ಬೇರೆ ವಿಧಾನದ ಹುಳವನ್ನು ಈ ಪ್ರಬಂಧದಲ್ಲಿ ಹೇಳಲೇಬೇಕೆಂದು ಎಲ್ಲಿದೆ? ಹುಡುಗಿಯ ಪದವಿ ಉಳಿಯುತ್ತದೆ. ಆ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು.

"ಪೇಪರ್ ಹೋತ್ರಿ ಮೇಡಮ್," ಎಂದಳು ಪೂರ್ವಾ, ಕಣ್ಣೊರೆಸಿಕೊಂಡು. "ಹೋಗ್ಲಿ ಬಿಡ್ರಿ. ಹುಳಾ ಸಿಕ್ತಲ್ಲಾ!"

ಇಂದೂ ನಾಲಿಗೆಯ ಮೇಲಿದ್ದುದನ್ನು ನುಂಗಿಕೊಂಡರು.

ಪ್ರಬಂಧ ಹಿಂತೆಗೆದುಕೊಂಡು ಹೊಸದನ್ನು ಬರೆದರು. ಮೂರು ಮಳೆಗಾಲ ಸಿಗದಿದ್ದದ್ದು, ಹೋಟೆಲಿನಲ್ಲಿ ಡಬ್ಬಿ ಅದಲುಬದಲಾದದ್ದು, ಸಿಕ್ಕಿದ್ದು, ಎಲ್ಲವನ್ನೂ. ಸಂಪಾದಕರು ಹಿಗ್ಗಿದರು. ಸಿಕ್ಕ ಹುಳವಲ್ಲವೇ! ಆದರೆ ಪರಿಶೀಲಕರು ಬರೆದರು: ಇಡ್ಲಿ ಹಿಟ್ಟಿನ ವಾಕ್ಯ ತೆಗೆಯಿರಿ, ಎರಡು ಬಗೆಯ ಸಗಣಿಯನ್ನು ಹೋಲಿಸಲೆಂದೇ ಹೊರಟಿದ್ದಿರಿ ಎಂದು ತಿದ್ದಿ ಬರೆದರೆ ಗಂಭೀರವಾಗಿರುತ್ತದೆ.

ಥೀಸಿಸ್ ಸಲ್ಲಿಸುವ ಕೊನೆಯ ದಿನಾಂಕ ಹತ್ತಿರವಾಗಿತ್ತು. ಈ ಸಲ ಇಂದೂ ಬಾಯಿಬಿಟ್ಟೇ ಹೇಳಿದರು. "ತಿದ್ದಿಬಿಡು ಪೂರ್ವಾ. ಎಲ್ಲಾರೂ ಹಂಗs ಬರೀತಾರ. ನಾನೂ ಬರದೀನಿ."

"ನಾವು ವಿಚಾರ ಮಾಡಿ ಹೋಗಿದ್ದಿಲ್ರಿ ಮೇಡಮ್. ತಪ್ಪಿ ಹೋಗಿದ್ವಿ," ಎಂದಳು ಪೂರ್ವಾ ಮೆಲ್ಲಗೆ. "ಈಗ ಶಾಣ್ಯಾರಂಗ ಬರದ್ರ, ನಾಳೆ ನನ್ನಂಥಾಕಿ ಒಬ್ಬಾಕಿ ಓದಿ, ತಾ ಒಬ್ಬಾಕಿನs ದಡ್ಡಿ ಅನ್ಕೋತಾಳ."

ವಾಕ್ಯವನ್ನು ಹಾಗೇ ಇಟ್ಟು ಕಳಿಸಿದಳು. ಇಂದೂ ಅಂದಿನಿಂದ ಊಟದಲ್ಲಿ ಹುಳದ ಮಾತೆತ್ತಲಿಲ್ಲ. ರಾಘಣ್ಣನವರಿಗೆ ಗಾಬರಿಯಾಗಿ, ತಾವಾಗಿಯೇ ಸಗಣಿಯ ವಿಷಯ ಕೇಳತೊಡಗಿದರು.

ಒಂದು ಮಧ್ಯಾಹ್ನ ಪೂರ್ವಾಳ ಫೋನು ಬಂತು. "ಮೇಡಮ್, ಪೇಪರ್ ತೊಗೊಂಡ್ರು! ಹಿಟ್ಟಿನ ಮಾತೂ ಇಟ್ಟಾರ!"

ಇಂದೂ ಫೋನು ಕೆಳಗಿಟ್ಟು ಸೋಫಾದ ಮೇಲೆ ಕುಳಿತು ಅಳತೊಡಗಿದರು. ರಾಘಣ್ಣ ಓಡಿಬಂದರು. "ಏನಾತು? ಯಾರಿಗೇನಾತು?"

"ಯಾರಿಗೂ ಏನೂ ಆಗಿಲ್ರಿ," ಎಂದು ಮೂಗೊರೆಸಿಕೊಂಡರು ಇಂದೂ. "ನಮ್ಮ ಪೂರ್ವಾ ನನಗಿಂತಾ ಭಾಳ ಚಲೋ ಶಾಸ್ತ್ರಜ್ಞೆ ಆಗ್ಯಾಳ."