ಹಿಮ್ಮಡಿ ಊರಿ ಕೊಟ್ಟ ಅಳತೆ

ನಾನು ಸೈಕಲ್ ಮಾಡಿಸಿದ್ದು ಭಾವನ ಮೇಲೆ ಸೇಡು ತೀರಿಸಿಕೊಳ್ಳಲು. ವ್ಯಾಯಾಮಕ್ಕೆ ಅಂತ ಆಫೀಸಿನಲ್ಲಿ ಹೇಳಿದ್ದೆಲ್ಲ ಸುಳ್ಳು.

ಭಾವ ಅಂದರೆ ನನ್ನ ಸೋದರತ್ತೆಯ ಮಗ. ತಿ. ನರಸೀಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ನನ್ನ ಎಡಗಾಲು ಹುಟ್ಟಿನಿಂದಲೇ ಗಿಡ್ಡ. ಕವಲಂದೆಯಿಂದ ಗಂಡಿನ ಕಡೆಯವರು ನೋಡಲು ಬಂದ ದಿನ ಅವ್ವ, "ಎಡಗಾಲಿನ ಇಮ್ಮಡಿ ಎತ್ಕಂಡ್ ನಿಂತ್ಕೊ, ಸೀರೆ ಮುಚ್ಕತದೆ" ಅಂದಿದ್ದಳು. ಹಾಗೇ ನಿಂತೆ. ಈ ಮಹಾನುಭಾವ ಕಾಫಿ ತಟ್ಟೆ ಹಿಡಿದು, ನನ್ನಂತೆಯೇ ಕುಂಟುತ್ತಾ ನಡುಮನೆಯಲ್ಲಿ ಓಡಾಡಿದ.

"ನಮ್ ಉಡ್ಗಿ ಇಂಗೇ ಕಣ್ರೀ ನಡ್ಯದು!"

ಎಲ್ಲರೂ ನಕ್ಕರು. ಸಂಬಂಧ ತಪ್ಪಿದ್ದಕ್ಕೆ ನಾನು ಅಳಲಿಲ್ಲ, ಆ ಗಂಡಿನ ಮೂತಿಯೂ ಅಷ್ಟಕ್ಕಷ್ಟೇ. ಆ ನಗು ಮಾತ್ರ ವರ್ಷಗಟ್ಟಲೆ ಹೊಟ್ಟೆ ಉರಿಸಿತು. ಅವನ ಅಂಗಡಿಯ ಮುಂದೆ ಒಂದು ದಿನ ಸೈಕಲ್ ಮೇಲೆ ನೆಟ್ಟಗೆ ಕೂತು ಹೋಗಬೇಕು, ಅಷ್ಟೇ ನನ್ನ ಹಟ. ಮಾಮೂಲಿ ಸೈಕಲ್‌ಗಳಲ್ಲಿ ಎಡಗಾಲು ಪೆಡಲಿಗೆ ಎಟುಕದೆ ಮೈಯೆಲ್ಲ ವಾಲಾಡುತ್ತಿತ್ತು.

ಮೈಸೂರಿನಲ್ಲಿ ಅಳತೆಗೆ ತಕ್ಕಂತೆ ಸೈಕಲ್ ಫ್ರೇಮ್ ಮಾಡುವವನೊಬ್ಬ ಸಿಕ್ಕಿದ, ಹೋಗಿ ಕಂಡೆ. ಮನೆಯಲ್ಲೇ ಗೋಡೆಗೆ ಒರಗಿ ನಿಂತು, ಸೊಂಟದ ಮೂಳೆಯಿಂದ ನೆಲದವರೆಗೆ ಎರಡೂ ಕಡೆ ಅಳೆದು ಕಳಿಸಿ ಅಂದ. ನಂಜನಗೂಡಿನ ನಮ್ಮ ಮನೆಯಲ್ಲಿ ತಂಗಿ ಟೇಪು ಹಿಡಿದಳು. ಎರಡೂ ಕಡೆ ಒಂದೇ ಅಳತೆ! ಮತ್ತೆ ಅಳೆದರೂ ಅದೇ. ಕಳಿಸಿದೆವು.

ಅವನು ಫೋನ್ ಮಾಡಿದ. "ಮೇಡಂ, ಅವತ್ತು ನೀವು ನಡೆದು ಬಂದಿದ್ದು ನಾನೇ ನೋಡಿದ್ದೀನಿ. ಈ ಅಳತೆ ನಿಮ್ಮದಲ್ಲ."

ತಂಗಿ ಬಗ್ಗಿ ನನ್ನ ಪಾದ ನೋಡಿದಳು.

"ಅಯ್ಯೋ, ಇಮ್ಮಡಿ ಎತ್ಕಂಡಿದ್ದೀಯ ಕಣಕ್ಕ!"

ನನಗೆ ಗೊತ್ತೇ ಆಗಿರಲಿಲ್ಲ. ಯಾರಾದರೂ ನೋಡುತ್ತಿದ್ದಾರೆ ಅಂದರೆ ಹಿಮ್ಮಡಿ ತಾನಾಗಿ ಏಳುತ್ತಿತ್ತು. ನನ್ನ ಮನೆಯಲ್ಲಿ, ನನ್ನ ತಂಗಿಯ ಮುಂದೆಯೂ! ಭಾವನ ಮೇಲಿನ ಸಿಟ್ಟು ಆವತ್ತು ಇಮ್ಮಡಿಯಾಯಿತು. ಹಲ್ಲು ಕಚ್ಚಿ ಹಿಮ್ಮಡಿ ಊರಿದೆ. ಸೊಂಟ ಎಡಕ್ಕೆ ವಾಲಿತು. "ಈಗ ಅಳಿ" ಅಂದೆ.

ಸೈಕಲ್ ಬಂತು. ಫ್ರೇಮ್ ನನ್ನ ಮೈಗೆ ಹೊಲಿದ ರವಿಕೆಯ ಹಾಗಿತ್ತು. ಎಡಗಡೆಯ ಪೆಡಲ್ ಮಾತ್ರ ದಪ್ಪ, ಅದನ್ನು ಹಿಡಿದ ಕ್ರ್ಯಾಂಕಿನ ತೋಳು ಗಿಡ್ಡ. ಚೆನ್ನಾಗಿ ಅಭ್ಯಾಸ ಮಾಡಿಕೊಂಡು, ಒಂದು ಬೆಳಿಗ್ಗೆ ನರಸೀಪುರಕ್ಕೆ ತುಳಿದೆ. ಒಂಚೂರೂ ವಾಲದೆ ಅವನ ಅಂಗಡಿಯ ಮುಂದೆ ಇಳಿದೆ.

"ಏನಮ್ಮಿ, ಹೊಸ ಸೈಕಲ್ಲು! ತತ್ತಾ ಇಲ್ಲಿ, ಒಂದ್ ರೌಂಡ್ ಒಡೀತೀನಿ."

ಚಿಕ್ಕಂದಿನಿಂದಲೂ ಕಿತ್ತುಕೊಂಡೇ ಅಭ್ಯಾಸ ಅವನಿಗೆ. ಸೈಕಲ್ಲನ್ನೂ ಕೇಳುತ್ತಾನೆ ಅಂತ ನಾನು ಅಂದುಕೊಂಡೇ ಇರಲಿಲ್ಲ. ಆದರೂ ಸಂತೋಷದಿಂದ ಕೊಟ್ಟೆ.

ಹತ್ತಿದ. ಅವನ ಸಮ ಕಾಲುಗಳಿಗೆ ಅದು ಒಗ್ಗಲಿಲ್ಲ; ಎಡಮಂಡಿ ಮಡಿಸಿದ ಹಾಗೇ ಉಳಿದು, ಸೊಂಟ ಎಗರಿ ಎಗರಿ ಬೀಳುತ್ತಿತ್ತು. ಟೀ ಅಂಗಡಿಯವರು ಗೊಳ್ಳೆಂದು ನಕ್ಕರು. ನಾನು ಎಲ್ಲರಿಗೂ ಕೇಳುವಂತೆ ಕೂಗಿದೆ.

"ನಮ್ ಭಾವ ಇಂಗೇ ಕಣ್ರೀ ತುಳ್ಯದು!"

ಅವನ ಕಾಲು ನಿಂತಿತು. ತಳ್ಳಿಕೊಂಡು ಬಂದು ಹ್ಯಾಂಡಲ್ ಕೈಗಿಟ್ಟ.

"ಅವತ್ತಿನ್ ಮಾತ್ನ ಇನ್ನೂ ಇಟ್ಕಂಡಿದ್ದೀಯಾ?"

"ಇಟ್ಕಂಡಿದ್ದೆ ಭಾವ. ಉಪ್ಪು ತಿಂದೋರು ನೀರು ಕುಡೀಲೇಬೇಕಲ್ಲ."

ಅಷ್ಟೂ ಜನ ನನ್ನ ಕಾಲನ್ನೇ ನೋಡುತ್ತಿದ್ದರು. ಹಿಮ್ಮಡಿ ಏಳಲಿಲ್ಲ.