ಹೆಸರು ಸವೆದ ವೀರಗಲ್ಲು

ಒದ್ದೆ ತೆಂಗಿನ ನಾರಿನಿಂದ ಕಲ್ಲನ್ನು ತಿಕ್ಕುವ ಆ ಬರಬರ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಚಾಮರಾಜಪೇಟೆಯ ಅಶ್ವತ್ಥಕಟ್ಟೆಯೊಂದರ ಬಳಿ ನಮ್ಮ ಹೆರಿಟೇಜ್ ವಾಕ್ ಗುಂಪು ನಿಂತಿತ್ತು. ಹೂ ಮಾರುವ ರತ್ನಮ್ಮ ಪೂಜೆಗೆ ಮುಂಚೆ, ತಾವು ‘ಅಮ್ಮ’ ಎಂದು ನಂಬಿದ್ದ ಕಲ್ಲಿನಿಂದ ನಿನ್ನೆಯ ಅರಿಶಿನ ತೆಗೆಯುತ್ತಿದ್ದರು. ನಲವತ್ತು ವರ್ಷದಿಂದ ಅದು ಅವರ ಡ್ಯೂಟಿಯಂತೆ. ನಮ್ಮ ಗೈಡ್ ಹುಡುಗಿ ಅವರ ಪರ್ಮಿಷನ್ ಕೇಳಿ, ಬಗ್ಗಿ ಕಲ್ಲಿನ ಅಕ್ಷರ ಓದಿದಳು.

“ಇದು ದೇವಿ ಅಲ್ಲ ಆಂಟಿ, ವೀರಗಲ್ಲು. ಊರಿನ ದನ ಬಿಡಿಸ್ಕೊಂಡ್ ಬರೋಕೆ ಹೋಗಿ ಸತ್ತ ಮಗನಿಗೆ ತಾಯಿ ನಿಲ್ಲಿಸಿರೋದು.”

“ಇಷ್ಟು ವರ್ಷ ಗಂಡಸಿಗೆ ಸೀರೆ ಉಡಿಸಿದ್ರಾ ರತ್ನಮ್ಮಾ!” ಎಂದು ನಮ್ಮಲ್ಲೊಬ್ಬರು ರೇಗಿಸಿದರು. ಎಲ್ಲರೂ ನಕ್ಕರು. ಕನ್‌ಫೆಸ್ ಮಾಡುತ್ತೇನೆ, ನಾನೂ ನಕ್ಕೆ.

ರತ್ನಮ್ಮ ನಗಲಿಲ್ಲ. “ಆ ಮಗನ ಹೆಸರೇನವ್ವಾ?” ಎಂದು ಕೇಳಿದರು. ಹೆಸರಿದ್ದ ಜಾಗ ಸವೆದು ನುಣ್ಣಗಾಗಿದೆ ಎಂದಳು ಹುಡುಗಿ. ರತ್ನಮ್ಮ ಕೈಯಲ್ಲಿದ್ದ ನಾರನ್ನು ಕೆಳಗಿಟ್ಟರು.

“ಹಂಗಾದ್ರೆ ನಾನೇ ಉಜ್ಜಿ ಉಜ್ಜಿ ಅಳಿಸ್ಬಿಟ್ನಲ್ಲಾ.”

ಕಾನ್ವೆಂಟಿನಲ್ಲಿ ಹಿಸ್ಟರಿಗೆ ಸದಾ ಫಸ್ಟ್ ಬರುತ್ತಿದ್ದ ನಾನು ಗುಂಪಿನ ಜೊತೆ ಮುಂದಿನ ಸ್ಟಾಪಿಗೆ ನಡೆದೆ.

ಮುಂದಿನ ತಿಂಗಳು ಆ ಕಟ್ಟೆಗೆ ಒಬ್ಬಳೇ ಹೋದೆ. ರತ್ನಮ್ಮನನ್ನು ನಾನು ಕಡೆಯ ಬಾರಿ ನೋಡಿದ್ದು ಆಗಲೇ. ದಾರಿಯಲ್ಲಿ ನಿಂತು ಕೈಮುಗಿದ ಹೆಂಗಸೊಬ್ಬಳಿಗೆ ಅವರು ಹೇಳುತ್ತಿದ್ದರು: “ಅಮ್ಮ ಅಲ್ಲ ಕಣವ್ವಾ, ಯಾರೋ ತಾಯಿ ಹೆತ್ತ ಮಗ. ಹೆಸರು ಗೊತ್ತಿಲ್ಲ. ಮಗಾ ಅಂತ ಕರಿ, ಸಾಕು.”